ಗೋಡೆಗೆ ಒರಗಿ ಕೂತ ತಮ್ಮ

ಹೆದರುವುದನ್ನು ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ನಾನು ಆರನೆಯ ಇಯತ್ತೆಗೇ ಪಾಟಿಚೀಲವನ್ನು ಗೂಟಕ್ಕೆ ಹಾಕಿದವಳು. ಲೆಕ್ಕ, ಇಂಗ್ಲಿಷು, ವಿಜ್ಞಾನ ಯಾವುದೂ ನನ್ನ ಹತ್ತಿರ ಹೆಚ್ಚು ದಿನ ನಿಲ್ಲಲಿಲ್ಲ. ಹೆದರಿಕೆ ಮಾತ್ರ ಬಂದದ್ದು ಹಾಗೆಯೇ ಉಳಿದು, ಮನೆಯ ಮಂದಿಯಲ್ಲಿ ಒಬ್ಬರಂತಾಗಿಬಿಟ್ಟಿದೆ. ನಮ್ಮ ಮನೆಯವರು ವಿಜಯಪುರದಿಂದ ಟಿಕೋಟಾಕ್ಕೆ ಟಂಟಂ ಆಟೋ ಓಡಿಸುತ್ತಾರೆ. ಅವರು ಬರುವುದು ಸ್ವಲ್ಪ ತಡವಾದರೆ ಸಾಕು, ನನ್ನ ಮನಸ್ಸಿನಲ್ಲಿ ಟಂಟಂ ಪಲ್ಟಿಯಾಗಿ, ಜನ ಸೇರಿ, ಪೊಲೀಸರು ಪಂಚನಾಮೆ ಮುಗಿಸಿ, ನಾನು ತವರಿಗೆ ಮರಳುವ ಮಾತುಕತೆಯೂ ನಡೆದುಹೋಗಿರುತ್ತದೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು ಹೆಗಲ ಟವೆಲ್ಲು ಕೊಡವುತ್ತ, "ಚಾ ಮಾಡ ಬೇ" ಎನ್ನುತ್ತಾರೆ. ಆಗ ನನಗೆ ಸಂತೋಷವಾಗಬೇಕು. ಆಗುವುದಿಲ್ಲ. ಇಷ್ಟು ಹೊತ್ತು ಕಷ್ಟಪಟ್ಟು ಹೆದರಿದ್ದು ವ್ಯರ್ಥವಾಯಿತಲ್ಲ ಎಂದು ಸಿಟ್ಟು ಬರುತ್ತದೆ. ಚಹಾಕ್ಕೆ ಸಕ್ಕರೆ ಕಡಿಮೆ ಬೀಳುತ್ತದೆ.

ಈ ಗುಣ ನನ್ನೊಬ್ಬಳನ್ನೇ ಸುಟ್ಟಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅದು ನನ್ನ ತಮ್ಮ ಸಿದ್ದುವಿನ ತಲೆಗೆ ಹತ್ತಿತು. ಅದು ಹತ್ತಿದ್ದು ನನ್ನಿಂದ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಡೆದದ್ದರಲ್ಲಿ ಅರ್ಧ ನಮ್ಮ ಓಣಿಗೆಲ್ಲ ಗೊತ್ತು, ಅದನ್ನು ಈಗಲೂ ಹೇಳಿ ನಗುತ್ತಾರೆ. ಆ ಅರ್ಧದಲ್ಲಿ ನಾನು ಬರೀ ಹೆಡ್ಡಿ. ಉಳಿದ ಅರ್ಧದಲ್ಲಿ ಹೆಡ್ಡತನಕ್ಕಿಂತ ಕೆಟ್ಟದ್ದಿದೆ, ಅದನ್ನು ಇಲ್ಲಿ ಹೇಳುತ್ತೇನೆ.

ಸಿದ್ದು ಈಗ ಹತ್ತನೆಯ ಇಯತ್ತೆ. ಅಪ್ಪ ಅವ್ವ ಘೋಣಸಗಿಯಲ್ಲಿದ್ದಾರೆ, ದ್ರಾಕ್ಷಿ ತೋಟಗಳಲ್ಲಿ ಕೆಲಸ ಮಾಡುತ್ತಾರೆ. ನನ್ನ ಮನೆ ವಿಜಯಪುರದಲ್ಲಿ, ಇಟ್ಟಂಗಿಹಾಳದ ಕಡೆಗೆ ಹೋಗುವ ರಸ್ತೆಯ ಒಳಗಿನ ಓಣಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಸಿದ್ದುವನ್ನು ಪಟ್ಟಣದ ಶಾಲೆಗೆ ಹಾಕಬೇಕೆಂದು ಹಟ ಹಿಡಿದವಳು ನಾನೇ. ಅವನು ಹುಟ್ಟಿದಾಗ ಅವ್ವ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು, ನಾನು ಸಿಕ್ಕೆ; ನನ್ನ ಶಾಲೆ ಮುಗಿದದ್ದು ಹಾಗೆ. ಅದಕ್ಕೆ ದುಃಖವಿಲ್ಲ, ಲೆಕ್ಕದ ಮಾಸ್ತರಿಗೆ ನಾನು ಹೋದದ್ದಕ್ಕೆ ನೆಮ್ಮದಿಯೇ ಆಗಿರಬೇಕು. ಆದರೆ ತೊಟ್ಟಿಲಿಗೆ ಬಗ್ಗಿ, ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಕಿವಿ ಇಟ್ಟು ಕೇಳುವ ಚಟ ಆಗಲೇ ಅಂಟಿತು. ಕೂಸಿಗೆ ಮೀಸೆ ಮೂಡುತ್ತಿದ್ದರೂ ಚಟ ಬಿಟ್ಟಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದ ಪೇಪರನ್ನು ನಡುವೆಯೇ ಬಿಟ್ಟು ಸಿದ್ದು ಮನೆಗೆ ಬಂದ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. "ಯಕ್ಕಾ, ತಲಿಗಿ ಹಗ್ಗಾ ಹಾಕಿ ಬಿಗದಂಗ ಆಗಾಕತ್ತೈತಿ" ಎಂದ. ಆಮೇಲೆ ಅದು ವಾರಕ್ಕೊಮ್ಮೆ, ಮುಂದೆ ಎರಡು ದಿನಕ್ಕೊಮ್ಮೆ ಬರತೊಡಗಿತು. ಶಾಲೆಯಲ್ಲಿ ಟೆಸ್ಟ್ ಎಂದರೆ ಹಿಂದಿನ ಸಂಜೆಯೇ ಬಂದು ಕೂಡುತ್ತಿತ್ತು. ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ಕಣ್ಣು ಚಲೋ ಇದೆ ಎಂದರು. ಬೇರೆ ಡಾಕ್ಟರರಿಗೆ ತೋರಿಸಿದೆವು. ಅವರು ರಕ್ತ ಪರೀಕ್ಷೆ ಮಾಡಿ, ಬಿಪಿ ನೋಡಿ, ಏನೂ ಇಲ್ಲ, ಶಾಲೆಯ ಒತ್ತಡ ಅಷ್ಟೇ ಎಂದರು. ಏನೂ ಇಲ್ಲ ಎಂಬ ಮಾತಿಗೆ ನಾನು ಹೆದರಿದಷ್ಟು ಯಾವ ರೋಗದ ಹೆಸರಿಗೂ ಹೆದರಿರಲಿಲ್ಲ. ಏನಾದರೂ ಇದ್ದರೆ ಅದಕ್ಕೊಂದು ಗುಳಿಗೆ ಇರುತ್ತದೆ. ಏನೂ ಇಲ್ಲದ್ದಕ್ಕೆ ಏನು ಕೊಡುತ್ತಾರೆ? ಬಬಲೇಶ್ವರದಲ್ಲಿರುವ ನಮ್ಮ ನಾದಿನಿ ಫೋನಿನಲ್ಲೇ ರೋಗ ಕಂಡುಹಿಡಿದಳು. "ಅದು ದೃಷ್ಟಿ ಬೇ. ಹುಡುಗ ನೋಡಾಕ ಚಂದ ಅದಾನ. ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕು." ಹಾಕಿದೆ. ಆ ಸಣ್ಣ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಹೊಗೆ ತುಂಬಿ, ಎಲ್ಲರೂ ಕೆಮ್ಮುತ್ತ ಓಣಿಗೆ ಬಂದು ನಿಂತೆವು. ಸಿದ್ದುವಿಗೆ ಅರ್ಧ ಇದ್ದ ತಲೆನೋವು ಪೂರ್ತಿಯಾಯಿತು.

ಸುದ್ದಿ ಘೋಣಸಗಿಗೆ ಹೋಯಿತು. ಅಪ್ಪ ಸಿಟ್ಟು ಮಾಡುವ ಮನುಷ್ಯನಲ್ಲ. ಸಿಟ್ಟು ಮಾಡಿದ್ದರೆ ನಾನೂ ಎದುರು ಮಾತಾಡಬಹುದಿತ್ತು. ಫೋನಿನಲ್ಲಿ ಮೆತ್ತಗೆ ಹೇಳಿದ. "ಹುಡುಗನ ತಲಿ ತಿನ್ನೂ ಸಾಲಿ ನಮಗ್ಯಾಕ ಬೇ ಕಸ್ತೂರಿ? ಸಂಕ್ರಾಂತಿ ಮಟಾ ನೋಡ್ತೀನಿ. ಕಡಿಮಿ ಆಗಲಿಲ್ಲಂದ್ರ ನಾನ ಬಂದು ಕರಕೊಂಡ ಹೋಗ್ತೀನಿ. ದ್ರಾಕ್ಷಿ ಕೊಯ್ಲ ಐತಿ, ನನ್ನ ಸಂಗಾಟ ಬರ್ತಾನ." ತೋಟದ ಕೆಲಸ ಕೀಳೆಂದು ನಾನು ಹೇಳುವುದಿಲ್ಲ, ನಮ್ಮನ್ನೆಲ್ಲ ಸಾಕಿದ್ದು ಅದೇ. ಆದರೆ ಪರೀಕ್ಷೆಗೆ ಮುಂಚೆ ಕೊಯ್ಲಿಗೆ ಹೋದ ಹುಡುಗ ಮತ್ತೆ ಶಾಲೆಯ ಬೆಂಚಿಗೆ ಬಂದದ್ದನ್ನು ನಾನು ನೋಡಿಲ್ಲ. ಅವನನ್ನು ಎತ್ತಿ ಆಡಿಸಲು ನನ್ನ ಶಾಲೆ ಹೋಯಿತು, ನಾನು ಎತ್ತಿ ತಂದು ಪಟ್ಟಣದಲ್ಲಿ ಇಟ್ಟದ್ದಕ್ಕೆ ಅವನ ಶಾಲೆ ಹೋಗುತ್ತದೆ. ರೊಟ್ಟಿ ಬಡಿಯುವಾಗೆಲ್ಲ ಇದೇ ಮಾತು ತಲೆಯಲ್ಲಿ ಬಡಿಯುತ್ತಿತ್ತು.

ಆಗಲೇ ಶಾಲೆಯಿಂದ ಹೇಳಿ ಕಳಿಸಿದರು. ಪರೀಕ್ಷೆಯ ಚಿಂತೆಯಿಂದ ತಲೆನೋವು ಬರುವ ಮಕ್ಕಳಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತರಬೇತಿ ಇದೆ, ಮೈಮನಸ್ಸು ಸಡಿಲ ಬಿಡುವುದನ್ನು ಕಲಿಸುತ್ತಾರೆ, ಮನೆಯ ಹಿರಿಯರೊಬ್ಬರು ಜೊತೆಗೆ ಬರಬೇಕು ಎಂದು. ಸಡಿಲ ಬಿಡುವುದಕ್ಕೂ ತರಬೇತಿ ಬೇಕೆ ಎಂದು ನಮ್ಮ ಮನೆಯವರು ಬಹಳ ನಕ್ಕರು. ಅವರಿಗೆ ನಗು ಬರುವುದು ಸಹಜ. ಅವರಿಗೆ ಕಣ್ಣು ಮುಚ್ಚು ಎಂದರೆ ತರಬೇತಿ ಅಲ್ಲಿಗೇ ಮುಗಿಯುತ್ತದೆ, ಗೊರಕೆ ಶುರುವಾಗುತ್ತದೆ.

ಶಾಲೆಯ ಹಾಲಿನಲ್ಲಿ ಜಮಖಾನ ಹಾಸಿದ್ದರು. ಕಲಿಸಲು ಬಂದ ಮೇಡಂ ನನಗಿಂತ ಚಿಕ್ಕವರು, ಮೈಸೂರಿನ ಕಡೆಯವರು. ಅವರ ದನಿ ಎಷ್ಟು ಮೆತ್ತಗಿತ್ತೆಂದರೆ, ಕೇಳಿಸಿಕೊಳ್ಳಬೇಕಾದರೆ ನಾವೇ ಸುಮ್ಮನಾಗಬೇಕಿತ್ತು. "ಕಣ್ಣು ಮುಚ್ಚಿಕೊಳ್ಳಿ. ಬಲಗೈ ಮುಷ್ಟಿ ಬಿಗಿಯಾಗಿ ಹಿಡಿಯಿರಿ. ಇನ್ನೂ ಬಿಗಿ. ಈಗ ನಿಧಾನವಾಗಿ ಬಿಡಿ. ಬಿಟ್ಟಾಗ ಕೈಗೆ ಹೇಗನ್ನಿಸುತ್ತದೆ, ಗಮನಿಸಿ" ಎಂದರು. ಬಿಗಿ ಹಿಡಿಯುವುದರಲ್ಲಿ ನಾನು ಇಡೀ ಹಾಲಿಗೇ ಮೊದಲನೆಯವಳಾಗಿದ್ದೆ ಎಂದು ಕಾಣುತ್ತದೆ, ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ. ಬಿಡಿ ಎಂದಾಗ ಬಿಡಲು ಬರಲಿಲ್ಲ. ಬಿಟ್ಟ ಕೈ ಏನು ಮಾಡಬೇಕು ಎಂದು ಅದಕ್ಕೆ ಗೊತ್ತಿರಲಿಲ್ಲ, ಸುಮ್ಮನೆ ಸೆರಗಿನ ಅಂಚನ್ನು ಹಿಡಿದುಕೊಂಡಿತು. ಹೀಗೆಯೇ ಭುಜ, ಕುತ್ತಿಗೆ, ದವಡೆ, ಹಣೆ. ಹಣೆಯನ್ನು ಗಂಟು ಹಾಕಿ ಆಮೇಲೆ ಸಡಿಲ ಬಿಡಬೇಕು. ನನ್ನ ಹಣೆಯ ಗಂಟು ಮದುವೆಯ ಫೋಟೋದಲ್ಲೂ ಇದೆ, ಅದು ಎಲ್ಲಿಂದ ಬಿಡಬೇಕು? ನನ್ನ ಮಗ್ಗುಲಲ್ಲಿ ಯಾರೋ ಹುಡುಗಿಯ ಅಜ್ಜ ಕೂತಿದ್ದ. ಅವನು ಮೆಲ್ಲಗೆ, "ಏನವ್ವಾ, ನಿನಗೇನರ ಆಗಾಕತ್ತೈತೇನು?" ಎಂದು ಕೇಳಿದ. "ಇಲ್ರಿ" ಎಂದೆ. "ನನಗೂ ಇಲ್ಲ" ಎಂದು ನೆಮ್ಮದಿಯಿಂದ ಮತ್ತೆ ಕಣ್ಣು ಮುಚ್ಚಿದ.

ಕೊನೆಗೆ ಮೇಡಂ, "ಶಾಂತವಾದ ನೀರಿನ ಹತ್ತಿರ ಒಬ್ಬರೇ ಕೂತಿದ್ದೀರಿ ಎಂದು ಮನಸ್ಸಿನಲ್ಲಿ ನೋಡಿ" ಎಂದರು. ಮನೆಗೆ ಬರುವಾಗ ದಾರಿಯಲ್ಲಿ ಸಿದ್ದುವನ್ನು ಕೇಳಿದೆ, ನೀನು ಎಲ್ಲಿ ಕೂತಿದ್ದೆ ಎಂದು.

"ಮಮದಾಪುರದ ಕೆರಿ ದಂಡಿ ಮ್ಯಾಲ."

"ಒಬ್ಬನ?"

"ಹೂಂ, ಒಬ್ಬರ ಅಂದಿದ್ರಲ್ಲ ಮೇಡಂ."

"ದಂಡಿಗಿ ಯಾಕ ಹೋದಿ? ನಿನಗ ಈಸಾಕ ಬರೂದಿಲ್ಲ."

ಸಿದ್ದು ರಸ್ತೆಯಲ್ಲೇ ನಿಂತು ನನ್ನ ಮುಖ ನೋಡಿದ. "ಯಕ್ಕಾ, ಅದು ಮನಸಿನ್ಯಾಗಿನ ಕೆರಿ."

"ಯಾವ ಕೆರಿ ಆದ್ರೇನು, ಒಂದೀಟ ಹಿಂದ ಸರದ ಕುಂದ್ರಬೇಕ" ಎಂದೆ. ಅವನು ಹಣೆ ಒತ್ತಿಕೊಳ್ಳುತ್ತ ಮುಂದೆ ನಡೆದ.

ಮೇಡಂ ಮನೆಗೊಂದು ನಿಯಮ ಕೊಟ್ಟಿದ್ದರು. ದಿನಾ ಸಂಜೆ ಹುಡುಗ ಇದನ್ನು ಮಾಡಬೇಕು. ದೀಪ ಸಣ್ಣಗಿರಲಿ. ಹಿರಿಯರು ಹತ್ತಿರವಿದ್ದರೆ ಒಳ್ಳೆಯದು, ಆದರೆ ಮಾತಾಡಬಾರದು, ಮುಟ್ಟಬಾರದು, ತಲೆನೋವು ಹೇಗಿದೆ ಎಂದು ಕೇಳಬಾರದು. ಮಲಗಿ ಮಾಡಬಹುದು, ಜಾಗವಿಲ್ಲದಿದ್ದರೆ ಗೋಡೆಗೆ ಒರಗಿ ಕೂತೂ ಮಾಡಬಹುದು. ನಮ್ಮ ಕೋಣೆಯ ನೆಲದ ತುಂಬ ಆ ಹೊತ್ತಿಗೆ ರೊಟ್ಟಿ ಆರಲು ಹಾಕಿರುತ್ತೇನೆ. ಹೀಗಾಗಿ ಸಿದ್ದು ಗೋಡೆಗೆ ಒರಗಿ ಕೂತ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ನನ್ನ ಹೆದರಿಕೆ ನಿಮಗೆ ಬರೀ ಹುಚ್ಚಾಗಿ ಕಾಣುತ್ತದೆ. ನಮ್ಮ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಒರಗಿಸಿ, ಕಾಲು ಮಡಚಿಸಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂಡಿಸುತ್ತಾರೆ. ಹತ್ತಿರ ದೀಪ, ಊದಿನಕಡ್ಡಿ. ಬಂದವರು ಎದುರು ಕೂತು ಅಳುತ್ತಾರೆ. ನಮ್ಮ ಅಜ್ಜನನ್ನು ಹಾಗೆ ಕೂಡಿಸಿದಾಗ ನಾನು ಚಿಕ್ಕವಳು. ಅಜ್ಜ ಕೂತಲ್ಲೇ ಕಣ್ಣು ಮುಚ್ಚಿ ಏನೋ ಯೋಚಿಸುತ್ತಿದ್ದಾನೆ ಎಂದುಕೊಂಡು ಹತ್ತಿರ ಹೋಗಿ ಮಾತಾಡಿಸಿದ್ದೆ. ಆ ಮೇಡಂಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಮಗುವಿಗೆ ಆರಾಮವಾಗಲಿ ಎಂದು ಒಂದೊಂದಾಗಿ ಹೇಳಿದ್ದೆಲ್ಲ ಸೇರಿ ನಮ್ಮ ಮನೆಯಲ್ಲಿ ಆದದ್ದು ಅದೇ ಚಿತ್ರ. ಗೋಡೆ, ಮಡಚಿದ ಕಾಲು, ತೊಡೆಯ ಮೇಲಿನ ಕೈ, ಮುಚ್ಚಿದ ಕಣ್ಣು, ಸಣ್ಣ ದೀಪ. ಎದುರಿಗೆ ಕೂತ ಅಕ್ಕ.

ಮೊದಲನೆಯ ಸಂಜೆ ಅವನ ಮುಷ್ಟಿ ಬಿಗಿದು ಬಿಡುವುದು, ಭುಜ ಎತ್ತಿ ಇಳಿಸುವುದು ನಡೆದಿರುವತನಕ ನನಗೆ ಧೈರ್ಯವಿತ್ತು. ಆಮೇಲೆ ಅವನು ಅಲುಗಾಡುವುದು ನಿಂತಿತು. ಮುಖದ ಬಿಗಿ ಇಳಿಯಿತು. ಉಸಿರು ಕಾಣಿಸದಷ್ಟು ಸಣ್ಣದಾಯಿತು.

"ಸಿದ್ದ್ಯಾ, ಲೇ, ಅದೀಯೇನು?"

"ಅದೀನಿ" ಎಂದ, ಕಣ್ಣು ತೆರೆಯದೆ.

ಸ್ವಲ್ಪ ಹೊತ್ತು ಬಿಟ್ಟೆ. ಮತ್ತೆ ಅದೇ ಮುಖ, ಅದೇ ನಿಶ್ಶಬ್ದ. ಮಾತಾಡಬಾರದು ಎಂಬುದು ನೆನಪಾಗಿ, ಮಾತಾಡದೆ ಅವನ ಮೂಗಿನ ಕೆಳಗೆ ಬೆರಳು ಹಿಡಿದೆ. ಬೆರಳಿಗೆ ಜೋಳದ ಹಿಟ್ಟು ಇತ್ತು. ಅವನು ಸೀನಿದ. ಸೀನಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಅವನಿಗೆ ಕೊಡಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಉಪಾಯ ಬದಲಿಸಿದೆ. ಚಹಾ ಬೇಕೇನು ಎಂದು ಕೇಳುತ್ತಿದ್ದೆ. ಅಡುಗೆಮನೆಯಿಂದ ಒಂದು ತಾಟು ಜಾರಿ ಬೀಳುವ ಹಾಗೆ ನೋಡಿಕೊಳ್ಳುತ್ತಿದ್ದೆ. ನಾಳೆ ಶಾಲೆ ಇದೆಯೇ ಎಂದು ವಿಚಾರಿಸುತ್ತಿದ್ದೆ. ನಮ್ಮ ಮನೆಯವರು ಒಮ್ಮೆ ಇದನ್ನು ನೋಡಿ, "ಏ, ಹುಡುಗನ್ನ ಬಿಡ. ನೀ ಪಿಸುಗುಟ್ಟಿದ್ರ ಟಿಕೋಟಾ ಸ್ಟ್ಯಾಂಡಿನ್ಯಾಗ ಬಸ್ ನಿಂದರತೈತಿ" ಎಂದರು. ಸಿದ್ದು ಒಂದು ಸಂಜೆ ತಾಳ್ಮೆಗೆಟ್ಟು, "ಯಕ್ಕಾ, ನಾ ಸತ್ತಿಲ್ಲ. ಸತ್ತ ಮ್ಯಾಲ ನಾನ ಹೇಳ್ತೀನಿ, ಅಲ್ಲೀಮಟಾ ಸುಮ್ಮ ಕುಂದ್ರು" ಎಂದ. ಅಂಥ ಮಾತು ದೀಪದ ಮುಂದೆ ಆಡಬಾರದು ಎಂದು ನಾನು ಅತ್ತೆ. ಅವನೇ ಎದ್ದು ನನ್ನನ್ನು ಸಮಾಧಾನ ಮಾಡಿದ. ಆ ಸಂಜೆಯ ತರಬೇತಿ ಅಷ್ಟಕ್ಕೆ ಮುಗಿಯಿತು.

ತಲೆನೋವು ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಮೊದಲು ಟೆಸ್ಟಿನ ಹಿಂದಿನ ದಿನ ಬರುತ್ತಿದ್ದದ್ದು ಈಗ ದಿನಾ ಸಂಜೆ, ಅವನು ಗೋಡೆಗೆ ಒರಗುವ ಹೊತ್ತಿಗೆ ಸರಿಯಾಗಿ ಬರತೊಡಗಿತು. ಯಾಕೆ ಬರುತ್ತದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ತನ್ನನ್ನು ಒಬ್ಬಳು ಹದ್ದಿನ ಹಾಗೆ ಕಾಯುತ್ತ ಕೂತರೆ ಯಾವ ಹುಡುಗನ ನರ ಸಡಿಲ ಬಿಟ್ಟೀತು? ಗೊತ್ತಿತ್ತು. ಆದರೂ ಮರುದಿನ ಸಂಜೆ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಇನ್ನು ಓಣಿಗೆ ಗೊತ್ತಿಲ್ಲದ ಅರ್ಧ. ಒಂದು ಶನಿವಾರ ಮೇಡಂ ನಮ್ಮಿಬ್ಬರನ್ನು ಪಕ್ಕಕ್ಕೆ ಕೂಡಿಸಿಕೊಂಡರು. "ಉಳಿದ ಮಕ್ಕಳಿಗೆ ಸ್ವಲ್ಪ ಸ್ವಲ್ಪ ಗುಣ ಕಾಣ್ತಾ ಇದೆ. ಸಿದ್ದುಗೆ ಯಾಕೆ ಹೆಚ್ಚಾಗ್ತಿದೆ? ಮನೇಲಿ ದಿನಾ ಮಾಡ್ತಾನಾ? ಯಾರಾದರೂ ತೊಂದರೆ ಕೊಡ್ತಾರಾ?" ಎಂದು ಕೇಳಿದರು.

"ದಿನಾ ಮಾಡ್ತಾನ್ರಿ ಮೇಡಂ. ನಾ ಬಾಜೂಕ ಕುಂತಿರ್ತೀನ್ರಿ. ಬಾಯಿ ಪಿಟ್ ಅನ್ನೂದಿಲ್ರಿ" ಎಂದೆ.

ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಮೇಡಂ ಸಿದ್ದುವಿನ ಕಡೆ ತಿರುಗಿದರು. "ಹೌದಾ ಸಿದ್ದು?" ಸಿದ್ದು ಜಮಖಾನದ ದಾರವೊಂದನ್ನು ಎಳೆಯುತ್ತ ಕೂತಿದ್ದ. "ಹೌದ್ರಿ" ಎಂದ. ಅವನು ಮಮ್ಮಲ ಮರುಗಿ ಹೇಳಿದ್ದರೆ, ನನ್ನನ್ನು ದುರುಗುಟ್ಟಿ ನೋಡಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅಕ್ಕನ ಮಾನ ಕಾಯುವುದೂ ಸಿಲಬಸ್ಸಿನಲ್ಲಿದೆ ಎಂಬಂತೆ ಸರಳವಾಗಿ ಹೇಳಿದ.

ಮೇಡಂ ನಂಬಿದರು. ಸರಿಯಾಗಿ ಮಾಡಿಯೂ ಗುಣವಿಲ್ಲ ಎಂದರೆ ತಡ ಮಾಡುವುದು ಬೇಡ, ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ನೋಡೋಣ, ಹೆದರಬೇಡಿ, ಖಾತ್ರಿಗೆ ಅಷ್ಟೇ ಎಂದರು. ಹೆದರಬೇಡಿ ಎಂದರಲ್ಲ, ಅಲ್ಲಿಗೆ ನನ್ನ ಹೆದರಿಕೆ ಪೂರ್ತಿಯಾಯಿತು. ಆಗಲಾದರೂ ಬಾಯಿ ಬಿಡಬೇಕಿತ್ತು. ಮೇಡಂ, ಇವನ ತಲೆಯೊಳಗೆ ಇರುವುದು ನಾನು, ಅದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ ಎಂದು ಹೇಳಬೇಕಿತ್ತು. ಬಿಡಲಿಲ್ಲ. ಹಾಲಿನಲ್ಲಿದ್ದ ಅಷ್ಟು ಮಂದಿ ತಾಯಂದಿರಿಗೆ ಗೊತ್ತಾಗಿ ನನ್ನ ಮರ್ಯಾದೆ ಹೋಗುತ್ತದಲ್ಲ ಎಂದು ಸುಮ್ಮನೆ ತಲೆ ಆಡಿಸಿದೆ. ನನ್ನ ಮರ್ಯಾದೆಗಾಗಿ ತಮ್ಮನ ತಲೆಯನ್ನು ಮಷೀನಿನೊಳಗೆ ಇಡಲು ಒಪ್ಪಿಕೊಂಡು ಮನೆಗೆ ಬಂದೆ. ಇದಕ್ಕೆ ಬೇರೆ ಹೆಸರು ಕೊಡಲು ನಾನು ಬಹಳ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ.

ಸ್ಕ್ಯಾನ್ ಎಂಬ ಶಬ್ದ ಫೋನಿನಲ್ಲಿ ಅವ್ವನ ಕಿವಿಗೆ ಬಿತ್ತು. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಸಂಕ್ರಾಂತಿಗೆ ಕಾಯಲಿಲ್ಲ. ಮರುದಿನ ಸಂಜೆಯೇ ಟಿಕೋಟಾಕ್ಕೆ ಬಂದು, ನಮ್ಮ ಮನೆಯವರ ಟಂಟಂ ಹತ್ತಿ ಬರುತ್ತೇನೆ, ಹುಡುಗನ ಅರಿವೆ ಕಟ್ಟಿ ಇಡು ಎಂದು ಫೋನಿನಲ್ಲಿ ಹೇಳಿದ.

ಆ ಸಂಜೆ ನಾನು ದೇವರ ಮುಂದೆ ನಿಂತು, ಇವತ್ತು ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡು ಇರುತ್ತೇನೆ ಎಂದು ಬೇಡಿಕೊಂಡೆ. ದೀಪ ಹಚ್ಚಿದೆ. ಸೊಳ್ಳೆ ಕಾಟಕ್ಕೆಂದು ಊದಿನಕಡ್ಡಿಯನ್ನೂ ಹಚ್ಚಿದೆ. ಸಿದ್ದು ಗೋಡೆಗೆ ಒರಗಿ, ಕಾಲು ಮಡಚಿ ಕಣ್ಣು ಮುಚ್ಚಿದ. ನಾನು ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಲ್ಲಿ ತುರುಕಿಕೊಂಡು ಎದುರಿಗೆ ಕೂತೆ. ಇನ್ನೊಂದು ಗಳಿಗೆಗೆ ಇವನನ್ನು ಕರೆದುಕೊಂಡು ಹೋಗುತ್ತಾರೆ ಎಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೆ ದನಿ ಹೊರಬೀಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ನಿಶ್ಶಬ್ದ ಹಿಂದೆಂದೂ ಆಗಿರಲಿಲ್ಲ.

ಆಗ ಬಾಜೂ ಮನೆಯ ಗುರಬಸವ್ವ ರೊಟ್ಟಿ ಒಯ್ಯಲು ಬಂದಳು. ಗುರಬಸವ್ವ ವಯಸ್ಸಾದ ಹೆಂಗಸು, ಒಳ್ಳೆಯ ಮನಸ್ಸಿನಾಕೆ. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳು ಬಂದು ಹಾಡಿ ಅಳದಿದ್ದರೆ ಮನೆಯವರಿಗೂ ಸಮಾಧಾನವಿಲ್ಲ, ಹೋದವರಿಗೂ ಇಲ್ಲ ಎನ್ನುತ್ತಾರೆ. ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಗೋಡೆಗೆ ಒರಗಿದ ಹುಡುಗ, ದೀಪ, ಊದಿನಕಡ್ಡಿಯ ಹೊಗೆ, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿರುವ ಅಕ್ಕ. ಇದಕ್ಕಿಂತ ಹೆಚ್ಚು ಯಾರಿಗೆ ಏನು ಹೇಳಬೇಕು? ಅವಳ ಕೈಯ ಬುಟ್ಟಿ ಜಾರಿತು. ಎದೆ ಬಡಿದುಕೊಂಡು, ಹೊಸ್ತಿಲಲ್ಲೇ ಕುಸಿದು ಎತ್ತಿದಳು ದನಿ.

"ಯಾವಾಗ ಹ್ವಾದ್ಯೋ ನನ್ನಪ್ಪಾ, ಮುಂಜಾನೆ ಆಯೀ ಅಂತ ಕರದ ಹ್ವಾದಾಂವ, ರೊಟ್ಟಿ ಒಯ್ಯಾಕ ಬಂದಾಕಿಗಿ ಇಂತಾದ್ದ ತೋರಸಿದೆಲ್ಲೋ ನನ್ನ ಬಂಗಾರಾ."

ಈಗ ನಿಜ ಹೇಳುತ್ತೇನೆ. ಗಳಿಗೆಯ ಹಿಂದೆ ಅವನ ಎದೆ ಏರಿಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬಾಯಿಂದ ಸೆರಗು ತೆಗೆದು, ಆಯೀ, ಹುಡುಗ ಬದುಕಿದ್ದಾನೆ ಎಂದರೆ ಮುಗಿಯುತ್ತಿತ್ತು. ಆದರೆ ಗುರಬಸವ್ವನ ಅಳುವಿನಲ್ಲಿ ಎಂಥ ಖಾತ್ರಿ ಇತ್ತೆಂದರೆ, ನನ್ನ ಕಣ್ಣಿನ ಮೇಲೆಯೇ ನನಗೆ ನಂಬಿಕೆ ಹೋಯಿತು. ಮೇಲಾಗಿ ಇಷ್ಟು ಗದ್ದಲಕ್ಕೂ ಸಿದ್ದು ಅಲುಗಲಿಲ್ಲ. ತಾಟು ಬಿದ್ದರೆ ಬೆಚ್ಚಿಬೀಳುವ ಹುಡುಗ ಅಲುಗಲಿಲ್ಲ. ಹಾಗಾದರೆ ಆಗಿಯೇ ಹೋಯಿತು, ನಾನು ಸುಮ್ಮನೆ ಕೂತ ಒಂದೇ ದಿನ ಆಗಿಹೋಯಿತು ಎಂದು ನನ್ನ ಎದೆ ಒಡೆಯಿತು. ನಾನೂ ದನಿ ಎತ್ತಿದೆ.

ಓಣಿ ಸೇರಿತು. ಯಾರೋ ನನ್ನನ್ನು ಹಿಡಿದುಕೊಂಡರು. ಆರಲು ಹಾಕಿದ ರೊಟ್ಟಿಗಳನ್ನು ಯಾರೋ ತುಳಿಯದ ಹಾಗೆ ಎತ್ತಿಟ್ಟರು, ಯಾವ ದುಃಖದಲ್ಲೂ ನಮ್ಮ ಓಣಿಗೆ ರೊಟ್ಟಿಯ ಮೇಲೆ ಕಾಳಜಿ ಇದೆ. "ತಲಿ ನೋವ ಅಂತಿದ್ದ ನೋಡ್ರಿ, ಅದ ತಗೊಂಡ ಹೋತು" ಎಂದು ಒಬ್ಬರು ಎಂದರು. "ಊರಿಗಿ ಫೋನ್ ಹಚ್ಯಾರೇನು?" ಎಂದು ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಓಣಿಯ ಬಾಯಿಗೆ ಟಂಟಂ ಬಂದು ನಿಂತಿತು. ನಮ್ಮ ಮನೆಯವರು ಮಂದಿಯನ್ನು ನೋಡಿ ಓಡಿ ಬಂದರು. ಯಾವುದಕ್ಕೂ ಹೆದರದ ಮನುಷ್ಯನ ಮುಖ ಆ ದಿನ ಬೂದಿಯಾಗಿತ್ತು. ಅವರ ಹಿಂದೆ ಅಪ್ಪ. ಅಪ್ಪ ಓಡಲಿಲ್ಲ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದು ಮಗನ ಎದುರು ಕುಸಿದು ಕೂತು, ಅವನ ಮೊಣಕಾಲ ಮೇಲೆ ಕೈ ಇಟ್ಟ.

ಸಿದ್ದು ಕಣ್ಣು ತೆರೆದ. ದೊಡ್ಡದಾಗಿ ಆಕಳಿಸಿದ. ಕೋಣೆಯ ತುಂಬ ಇದ್ದ ಜನರನ್ನೂ, ಹೊಸ್ತಿಲಲ್ಲಿ ಬಾಯಿ ತೆರೆದು ಕೂತ ಗುರಬಸವ್ವನನ್ನೂ ನೋಡಿದ. "ಯಾರ ಹೋದ್ರು ಯಕ್ಕಾ?" ಎಂದು ಮೆಲ್ಲಗೆ ಕೇಳಿದ.

ಗುರಬಸವ್ವ ಮೂಗು ಒರೆಸಿಕೊಂಡು, "ನಿನಗ ಅಳಾಕತ್ತಿದ್ನೆಲ್ಲೋ ಭಾಡ್ಯಾ, ಅಷ್ಟ ಚಂದ ಯಾಕ ಕುಂತಿದ್ದಿ?" ಎಂದು ಬೈದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಪ್ಪ ಒಬ್ಬನೇ ನಗಲಿಲ್ಲ. ಮೊಣಕಾಲ ಮೇಲಿಟ್ಟ ಕೈಯನ್ನು ತೆಗೆಯದೆ, "ತಲಿ ಹೆಂಗೈತೋ ತಮ್ಮಾ?" ಎಂದ.

"ನೋವ ಇಲ್ಲಪ್ಪಾ. ನಿದ್ದಿ ಹತ್ತಿತ್ತು. ಇವತ್ತ ಯಕ್ಕ ನಡುವ ಎಬ್ಬಸಲಿಲ್ಲ."

"ಅಂದ್ರ ದಿನಾ ಎಬ್ಬಸ್ತಾಳೇನು?"

ಸಿದ್ದು ನಾಲಿಗೆ ಕಚ್ಚಿಕೊಂಡ. ನನ್ನ ಕಡೆ ನೋಡಿ ತಟ್ಟನೆ ಕಣ್ಣು ತಿರುಗಿಸಿದ. ಆ ಹುಡುಗ ಇನ್ನೊಂದು ಸಲ ನನ್ನನ್ನು ಕಾಯಲು ಸುಳ್ಳು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಗುರಬಸವ್ವನಿಗೆ ಚಹಾ ಕುಡಿಸಿ, ಮಂದಿಯನ್ನೆಲ್ಲ ಕಳಿಸಿ ಬಾಗಿಲು ಹಾಕಿದ ಮೇಲೆ ನಾನೇ ಹೇಳಿದೆ. ಬೆರಳು ಹಿಡಿಯುವುದು, ತಾಟು ಬೀಳಿಸುವುದು, ಮೇಡಂ ಮುಂದೆ ಆಡಿದ ಸುಳ್ಳು, ಎಲ್ಲ. ಬೈಯಲಿ ಎಂದು ಕಾದೆ. ಅಪ್ಪ ಕಟ್ಟಿಟ್ಟ ಅರಿವೆಯ ಗಂಟನ್ನು ನನ್ನ ಕಡೆ ಸರಿಸಿದ.

"ಅಂವಗ ಜಡ್ಡಿಲ್ಲ. ನಿನಗ ಐತಿ" ಎಂದ. "ಅಂವ ಇಲ್ಲೇ ಇರಲಿ, ಸಾಲಿಗಿ ಹೋಗಲಿ. ಆದ್ರ ಅಂವ ಕುಂದ್ರೂ ಹೊತ್ತಿನ್ಯಾಗ ನೀ ಮನ್ಯಾಗ ಇರಬ್ಯಾಡ. ಇದಕ್ಕ ಹೂಂ ಅಂದ್ರ ಗಂಟ ಬಿಚ್ಚು."

ಹೂಂ ಎಂದೆ. ಗಂಟು ಬಿಚ್ಚಿದೆ.

ಮುಂದಿನ ಶನಿವಾರ ಮೇಡಂಗೆ ಹೇಳುವುದು ಅಪ್ಪನಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಸ್ಕ್ಯಾನಿನ ಚೀಟಿ ಬರೆದು ಇಟ್ಟಿದ್ದರು. ಆ ಅಜ್ಜ ಸಹಿತ ಎಲ್ಲರೂ ಕೇಳುವ ಹಾಗೆಯೇ ಹೇಳಿಬಿಟ್ಟೆ, ನನಗೆ ಮೆತ್ತಗೆ ಹೇಳಲು ಬರುವುದಿಲ್ಲವಲ್ಲ. ಮೇಡಂ ಗೋಡೆಯ ಮಾತು ಕೇಳಿ ಬಾಯಿಗೆ ಕೈ ಇಟ್ಟುಕೊಂಡರು, ನಮ್ಮ ಕಡೆಯ ಪದ್ಧತಿ ಅವರಿಗೆ ತಿಳಿದದ್ದು ಅಂದೇ. ಚೀಟಿಯನ್ನು ಸದ್ಯಕ್ಕೆ ತಮ್ಮ ಹತ್ತಿರವೇ ಇಟ್ಟುಕೊಂಡರು. 'ಮೊದಲೇ ಹೇಳಬೇಕಿತ್ತು' ಎಂದಷ್ಟೇ ಅಂದರು. ಆ ಮೆತ್ತನೆಯ ದನಿಯಲ್ಲಿ ಅದು ಹೊಡೆದದ್ದಕ್ಕಿಂತ ಹೆಚ್ಚು ನೋಯಿಸಿತು.

ಈಗ ಸಂಕ್ರಾಂತಿ ಕಳೆದಿದೆ. ಸಿದ್ದು ಇಲ್ಲೇ ಇದ್ದಾನೆ. ದಿನಾ ಸಂಜೆ ಅವನು ಗೋಡೆಗೆ ಒರಗುವ ಹೊತ್ತಿಗೆ ನಾನು ಮನೆ ಬಿಟ್ಟು ಇಟ್ಟಂಗಿಹಾಳದ ಕಡೆ ರಸ್ತೆ ಹಿಡಿದು ನಡೆಯುತ್ತೇನೆ. ಓಣಿಯ ಹೆಂಗಸರು ನನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಹೊಲಗಳ ಮೇಲೆ ಗಾಳಿ ಚಲೋ ಬೀಸುತ್ತದೆ, ಕೈ ಬೀಸಿಕೊಂಡು ಹೋಗಬಹುದು. ಹೋಗುತ್ತ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ, ಬಾಗಿಲ ಚಿಲಕ ಒಳಗಿನಿಂದ ಸಿಕ್ಕಿಕೊಂಡರೆ ಏನು ಗತಿ ಎಂದು ಯೋಚಿಸುತ್ತೇನೆ, ಆದರೆ ಹಿಂತಿರುಗುವುದಿಲ್ಲ.

ನಿನ್ನೆ ಲೆಕ್ಕದ ಟೆಸ್ಟ್ ಇತ್ತು. ಸಿದ್ದು ಪೇಪರನ್ನು ಪೂರ್ತಿ ಬರೆದು ಬಂದ. ಸಂಜೆ ನಾನು ತಿರುಗಾಡಿ ಬರುವ ಹೊತ್ತಿಗೆ ಅವನದು ಮುಗಿದಿತ್ತು. ದೀಪದ ಹತ್ತಿರ ಪುಸ್ತಕ ಹಿಡಿದು ಕೂತಿದ್ದ. ನಾನು ಏನೂ ಕೇಳಲಿಲ್ಲ. ಕೇಳಬಾರದು ಎಂದು ತುಟಿ ಕಚ್ಚಿ ಹಿಟ್ಟಿನ ಡಬ್ಬಿ ತೆರೆದೆ. ಅವನೇ ತಾನಾಗಿ, "ಯಕ್ಕಾ, ಇವತ್ತ ತಲಿ ಬಾಳ ಹಗುರ ಆಗೈತಿ" ಎಂದ.

ಎಷ್ಟು ತಿಂಗಳಿಂದ ಕಾದಿದ್ದ ಮಾತು. ನಾನು ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ಅವನ ಹತ್ತಿರ ಹೋದೆ. "ಹಗುರ ಅಂದ್ರ ಹೆಂಗ ಹಗುರ ಲೇ?" ಎಂದೆ. "ತಿರಗಿದಂಗ ಆಗಾಕತ್ತೈತೇನು? ಕಣ್ಣಿಗಿ ಕತ್ತಲಿ ಬರ್ತೈತೇನು? ಮಧ್ಯಾಹ್ನ ಸರಿಯಾಗಿ ಉಂಡಿದ್ದೇನು?"

ಸಿದ್ದು ಪುಸ್ತಕ ಮುಚ್ಚಿದ. ಎದ್ದು ಹೋಗಿ ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟು, "ಯಕ್ಕಾ, ಇನ್ನೊಂದ ರೌಂಡ್ ಅಡ್ಡಾಡಿ ಬಾ" ಎಂದ.

ಹೋದೆ.